ಊರ ಉತ್ಸವಗಳಲ್ಲಿ ರಾಷ್ಟ್ರಧ್ವಜ : ಒಂದು ವಿಚಾರ

ಧ್ವಜವೆಂಬುದು ನಮ್ಮ ಹಳ್ಳಿಗಳಿಗೆ ಹೊಸ ವಸ್ತುವಲ್ಲ. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ಸೀಮೆಯ ಯಾವ ಊರಿಗೆ ಹೋದರೂ ಗುಡಿಯ ಮೇಲೊಂದು, ಮಠದ ಮುಂದೊಂದು, ದರ್ಗಾದ ಕಂಬಕ್ಕೊಂದು ಧ್ವಜ ಗಾಳಿಗೆ ಆಡುತ್ತಿರುವುದು ಕಣ್ಣಿಗೆ ಬೀಳುತ್ತದೆ. ಬಸವ ಜಯಂತಿಯಂದು ಷಟ್‌ಸ್ಥಲ ಧ್ವಜ ಏರುವುದು. ಜಾತ್ರೆಯಲ್ಲಿ ನಂದಿಕೋಲು ಮುಂದೆ ನಡೆಯುವುದು. ಉರುಸಿನಲ್ಲಿ ಹಸಿರು ನಿಶಾನೆ ಹೊರಡುವುದು. ಮೊಹರಮ್ಮಿನಲ್ಲಿ ಅಲಾಯಿ ದೇವರ ಪಂಜಾಗಳ ಮುಂದೆ ಎಲ್ಲ ಜಾತಿಯ ತರುಣರೂ ಹೆಜ್ಜೆಮೇಳದಲ್ಲಿ ಕೂಡಿಕೊಳ್ಳುವರು. ನವೆಂಬರ್ 1ರಂದು ಹಳದಿ-ಕೆಂಪಿನ ಕನ್ನಡ ಬಾವುಟ ಓಣಿ ಓಣಿಗಳಲ್ಲಿ ಕಾಣಿಸಿಕೊಳ್ಳುವುದು. ಇವುಗಳಲ್ಲಿ ಒಂದೊಂದಕ್ಕೂ ಅದರದೇ ಆದ ಭಕ್ತಿಯುಂಟು, ಅದರದೇ ಆದ ನೆನಪುಂಟು, ಅದರದೇ ಆದ ಜನವುಂಟು.

ಈ ಹಲವು ಧ್ವಜಗಳ ನಡುವೆ ಆಗಸ್ಟ್ 15 ಮತ್ತು ಜನವರಿ 26ರಂದು ಏರುವ ತ್ರಿವರ್ಣ ಧ್ವಜದ ಸ್ಥಾನ ಯಾವುದು? ಅದು ಇವುಗಳ ಸಾಲಿನಲ್ಲಿ ಸೇರಿದ ಇನ್ನೊಂದು ಧ್ವಜವೇ? ಅಥವಾ ಇವುಗಳನ್ನೆಲ್ಲ ಇಳಿಸಿ ತಾನೊಂದೇ ಏರಬೇಕಾದ ಧ್ವಜವೇ? ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಳ್ಳದಿದ್ದರೆ, ಎಲ್ಲರನ್ನೂ ಕೂಡಿಸಬೇಕಾದ ವಸ್ತುವೇ ಊರನ್ನು ಒಡೆಯುವ ಕಾರಣವಾಗಬಹುದು. ಹಾಗೆ ಆದದ್ದೂ ಉಂಟು. ಅದೂ ದೂರದಲ್ಲೆಲ್ಲೋ ಅಲ್ಲ, ನಮ್ಮ ಹುಬ್ಬಳ್ಳಿಯಲ್ಲಿಯೇ. ಆದುದರಿಂದ ಅಧ್ಯಾಪಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ವಿದ್ಯಾಲಯದ ಪೋಷಕರೂ ಈ ವಿಷಯವನ್ನು ಒಮ್ಮೆ ಆಮೂಲಾಗ್ರವಾಗಿ ಆಲೋಚಿಸುವುದು ಅವಶ್ಯವೆಂದು ತೋರುತ್ತದೆ.

ಬಣ್ಣಗಳ ಪಾಲು

ರಾಷ್ಟ್ರಧ್ವಜದ ಬಣ್ಣಗಳ ಅರ್ಥವನ್ನು ಕೇಳಿದರೆ ಇಂದಿಗೂ ಅನೇಕರು ‘ಕೇಸರಿ ಹಿಂದೂಗಳದು, ಹಸಿರು ಮುಸಲ್ಮಾನರದು, ಬಿಳಿ ಉಳಿದವರದು’ ಎಂದು ಹೇಳುವುದುಂಟು. ಈ ಉತ್ತರ ತಪ್ಪು. ಆದರೆ ಈ ತಪ್ಪಿಗೆ ಒಂದು ಇತಿಹಾಸವಿದೆ. ಆ ಇತಿಹಾಸವನ್ನು ತಿಳಿದರೆ ಧ್ವಜದ ನಿಜವಾದ ಮಹತ್ವ ತಾನಾಗಿಯೇ ತಿಳಿಯುತ್ತದೆ.

1921ರಲ್ಲಿ ಬೆಜವಾಡದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆಯ ಕಾಲಕ್ಕೆ ಪಿಂಗಳಿ ವೆಂಕಯ್ಯನವರು ಕೆಂಪು ಮತ್ತು ಹಸಿರು ಬಣ್ಣಗಳ ಒಂದು ಧ್ವಜವನ್ನು ಗಾಂಧೀಜಿಯವರಿಗೆ ತೋರಿಸಿದರು. ಕೆಂಪು ಹಿಂದೂಗಳಿಗೆ, ಹಸಿರು ಮುಸಲ್ಮಾನರಿಗೆ ಎಂಬುದು ಅಂದಿನ ಭಾವನೆ. ಉಳಿದ ಧರ್ಮೀಯರ ಸಲುವಾಗಿ ಬಿಳಿಯ ಬಣ್ಣವೂ ಸ್ವಾವಲಂಬನದ ಗುರುತಾಗಿ ಚರಕವೂ ಸೇರಬೇಕೆಂದು ಗಾಂಧೀಜಿ ಸೂಚಿಸಿದರು. ಉದ್ದೇಶ ಉದಾತ್ತವಾಗಿಯೇ ಇತ್ತು. ಆದರೆ ಧ್ವಜದಲ್ಲಿ ಒಮ್ಮೆ ಪಾಲು ಹಂಚತೊಡಗಿದರೆ ಅದಕ್ಕೆ ಕೊನೆಯೆಲ್ಲಿ? ಸಿಖ್ಖರು ತಮ್ಮ ಬಣ್ಣವೂ ಸೇರಬೇಕೆಂದು ಕೇಳಿದರು. ಅವರ ಬೇಡಿಕೆ ಅನ್ಯಾಯವೆನ್ನುವಂತಿರಲಿಲ್ಲ. ಇಬ್ಬರಿಗೆ ಹೆಸರು ಹಿಡಿದು ಪಾಲು ಕೊಟ್ಟ ಮೇಲೆ ಮೂರನೆಯವನು ‘ನನ್ನದೆಲ್ಲಿ’ ಎಂದು ಕೇಳದಿರಲಾರ. ಹೊಲ ಹಂಚಿಕೊಂಡ ಮನೆತನಗಳನ್ನು ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1931ರ ಏಪ್ರಿಲಿನಲ್ಲಿ ಕರಾಚಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯು ಈ ಪ್ರಶ್ನೆಯ ವಿಚಾರಣೆಗಾಗಿ ಏಳು ಜನರ ಒಂದು ಸಮಿತಿಯನ್ನು ನೇಮಿಸಿತು. ವಲ್ಲಭಭಾಯಿ ಪಟೇಲ್, ಮೌಲಾನಾ ಆಜಾದ್, ಮಾಸ್ಟರ್ ತಾರಾಸಿಂಗ್, ಜವಾಹರಲಾಲ್ ನೆಹರೂ, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಇವರೊಡನೆ ಏಳನೆಯವರಾಗಿ ಇದ್ದವರು ನಮ್ಮ ಧಾರವಾಡದಲ್ಲಿ ಜನಿಸಿದ, ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರವಾಗಿ ಮಾಡಿಕೊಂಡ ಡಾ. ನಾ. ಸು. ಹರ್ಡೀಕರರು. 1923ರ ನಾಗಪುರದ ಝೇಂಡಾ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡು, ಅದೇ ವರ್ಷ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ, 1924ರ ಬೆಳಗಾವಿ ಅಧಿವೇಶನದ ಸ್ವಯಂಸೇವಕರನ್ನು ಮುನ್ನಡೆಸಿದವರು ಅವರು. ಧ್ವಜವಂದನೆಯನ್ನು ಶಿಸ್ತಿನ ಸಾರ್ವಜನಿಕ ಕ್ರಮವಾಗಿ ದೇಶದಲ್ಲೆಲ್ಲ ರೂಢಿಗೆ ತಂದ ಶ್ರೇಯಸ್ಸಿನಲ್ಲಿ ಸೇವಾದಳಕ್ಕೆ ದೊಡ್ಡ ಪಾಲು ಸಲ್ಲುತ್ತದೆ. ಇಂದು ನಮ್ಮ ಮಕ್ಕಳು ಸಾಲಾಗಿ ನಿಂತು ಧ್ವಜಕ್ಕೆ ವಂದಿಸುವಾಗ, ಆ ಪದ್ಧತಿಯ ಹಿಂದೆ ನಮ್ಮ ಮಗ್ಗುಲ ಜಿಲ್ಲೆಯವರೊಬ್ಬರ ಪರಿಶ್ರಮವಿದೆಯೆಂಬುದನ್ನು ಅವರಿಗೆ ತಿಳಿಸಬೇಕು.

ಪಂಗಡಗಳ ಲೆಕ್ಕವೇ ಬೇಡವೆಂದು ಸಮಿತಿಯು ಒಂದೇ ಕೇಸರಿ ಬಣ್ಣದ ಮೇಲೆ ಚರಕವಿರುವ ಧ್ವಜವನ್ನು ಸೂಚಿಸಿತು. 1931ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಕೂಡಿದ ಕಾಂಗ್ರೆಸ್ ಸಮಿತಿ ಆ ರೂಪವನ್ನು ಒಪ್ಪಲಿಲ್ಲ. ಆದರೆ ಅದರ ಹಿಂದಿನ ತತ್ವವನ್ನು ಒಪ್ಪಿತು. ಕೇಸರಿ, ಬಿಳಿ, ಹಸಿರು ಎಂಬ ಮೂರು ಬಣ್ಣಗಳನ್ನು ಸ್ವೀಕರಿಸಿ, ಇವು ಪಂಗಡಗಳ ಗುರುತುಗಳಲ್ಲ, ಗುಣಗಳ ಗುರುತುಗಳು ಎಂದು ಸ್ಪಷ್ಟವಾಗಿ ಸಾರಿತು. ಧೈರ್ಯ ಮತ್ತು ತ್ಯಾಗಕ್ಕೆ ಕೇಸರಿ, ಶಾಂತಿ ಮತ್ತು ಸತ್ಯಕ್ಕೆ ಬಿಳಿ, ಶ್ರದ್ಧೆ ಮತ್ತು ಶೌರ್ಯಕ್ಕೆ ಹಸಿರು ಎಂದಾಯಿತು. ಪಂಗಡಗಳಿಗೆ ಬಣ್ಣಗಳನ್ನು ಹಂಚಿದ್ದಾಗ ಒಬ್ಬೊಬ್ಬರಿಗೆ ದೊರೆತಿದ್ದುದು ಧ್ವಜದ ಒಂದು ಪಟ್ಟಿ ಮಾತ್ರ. ಹಂಚುವುದನ್ನು ಬಿಟ್ಟ ದಿನ ಪ್ರತಿಯೊಬ್ಬನಿಗೂ ಇಡೀ ಧ್ವಜವೇ ದೊರೆಯಿತು.

ಎರಡು ಧ್ವಜಗಳ ಪಾಠ

ಹಾಗಾದರೆ ಊರಿನ, ಮತದ, ನುಡಿಯ ಧ್ವಜಗಳ ಗತಿಯೇನು? ಇದಕ್ಕೂ ನಮ್ಮ ನಾಡಿನ ಇತಿಹಾಸದಲ್ಲಿ ಒಂದು ಪಾಠವುಂಟು.

1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಕೂಡಿತು. ಸಂಸ್ಥಾನದ ಸರಕಾರ ತ್ರಿವರ್ಣ ಧ್ವಜವನ್ನು ಏರಿಸಕೂಡದೆಂದು ಆಜ್ಞೆ ಮಾಡಿತ್ತು. ಜನ ಆಜ್ಞೆಯನ್ನು ಮೀರಿ ಏರಿಸಿದರು, ಮುಂದಾಳುಗಳು ಸೆರೆ ಸೇರಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅನೇಕರು ಪ್ರಾಣ ತೆತ್ತರು. ಅನಂತರ ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿ ಒಂದು ಒಪ್ಪಂದಕ್ಕೆ ಬಂದರು. ಸಮಾರಂಭಗಳಲ್ಲಿ ಕಾಂಗ್ರೆಸ್ಸಿನ ಧ್ವಜದೊಡನೆ ಮೈಸೂರಿನ ಧ್ವಜವೂ ಏರಬೇಕೆಂಬುದು ಅದರ ಸಾರ. ಒಂದು ಧ್ವಜ ಇನ್ನೊಂದರ ವೈರಿಯಾಗಬೇಕಾಗಿಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಅಷ್ಟು ಜೀವಗಳು ಹೋಗಬೇಕಾಯಿತು. ಅಂದು ನಮ್ಮ ರಾಮದುರ್ಗವೂ ಒಂದು ಸಂಸ್ಥಾನವೇ ಆಗಿತ್ತು. ಮರುವರ್ಷ, 1939ರ ಏಪ್ರಿಲಿನಲ್ಲಿ, ಇಲ್ಲಿಯ ಪ್ರಜಾ ಚಳವಳಿಯೂ ರಕ್ತಪಾತವನ್ನು ಕಂಡಿತು. 1948ರ ಮಾರ್ಚಿನಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸನ ನಿಶಾನೆಯನ್ನೂ ದೇಶದ ಧ್ವಜವನ್ನೂ ಒಂದೇ ಆಯುಷ್ಯದಲ್ಲಿ ಕಂಡ ತಲೆಮಾರಿನ ಮಕ್ಕಳು ಮೊಮ್ಮಕ್ಕಳು ನಾವು.

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ಅವರು ಧ್ವಜದ ಗೊತ್ತುವಳಿಯನ್ನು ಮಂಡಿಸಿದರು. ಚರಕದ ಸ್ಥಾನದಲ್ಲಿ ಅಶೋಕನ ಧರ್ಮಚಕ್ರ ಬಂದಿತು. ಅಂದು ಹಿಂದೂ, ಮುಸಲ್ಮಾನ, ಸಿಖ್, ಕ್ರೈಸ್ತ ಸದಸ್ಯರು ಒಬ್ಬರಾದ ಮೇಲೊಬ್ಬರು ಎದ್ದು ಗೊತ್ತುವಳಿಯನ್ನು ಅನುಮೋದಿಸಿದರು. ಆದಿವಾಸಿಗಳ ಪರವಾಗಿ ಮಾತನಾಡಿದ ಜೈಪಾಲ ಸಿಂಗರ ಮಾತು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ತಮ್ಮ ಜನರಲ್ಲಿ ಹಳ್ಳಿ ಹಳ್ಳಿಗೂ ಅದರದೇ ಆದ ಧ್ವಜವುಂಟೆಂದೂ ಅದರ ಮಾನಕ್ಕಾಗಿ ಅವರು ಪ್ರಾಣವನ್ನೇ ಕೊಡಬಲ್ಲರೆಂದೂ ಹೇಳಿ, ಇನ್ನು ಮುಂದೆ ತಮಗೆ ಎರಡು ಧ್ವಜಗಳಿರುವುವೆಂದು ಅವರು ಸಂತೋಷದಿಂದ ಸಾರಿದರು. ತಮ್ಮ ಹಳೆಯ ಧ್ವಜವನ್ನು ಇಳಿಸುತ್ತೇವೆಂದು ಅವರು ಹೇಳಲಿಲ್ಲ. ಇಳಿಸಿರೆಂದು ಸಭೆಯೂ ಕೇಳಲಿಲ್ಲ.

ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ರಾಷ್ಟ್ರಧ್ವಜವು ಊರಿನ ಧ್ವಜಗಳ ಸಾಲಿನಲ್ಲಿ ಇನ್ನೊಂದಲ್ಲ. ಅವುಗಳನ್ನು ಅಳಿಸುವುದಕ್ಕೆ ಬಂದುದೂ ಅಲ್ಲ. ಷಟ್‌ಸ್ಥಲ ಧ್ವಜವನ್ನು ಏರಿಸುವವನು, ಹಸಿರು ನಿಶಾನೆಯನ್ನು ಹೊರುವವನು, ಗಡಿನಾಡಿನಲ್ಲಿ ಕನ್ನಡ ಬಾವುಟವನ್ನು ಹಿಡಿಯುವವನು, ಅವನ ನೆರೆಮನೆಯಲ್ಲಿ ಮರಾಠಿ ಮಾತಾಡುವವನು ಇವರೆಲ್ಲರೂ ತಮ್ಮ ತಮ್ಮದನ್ನು ಬಿಡದೆಯೇ ಬಂದು ಕೂಡಿ ನಿಲ್ಲುವ ಬಯಲಿನ ನಡುವೆ ಏರುವ ಧ್ವಜವದು. ಧ್ವಜಸಂಹಿತೆಯ ನಿಯಮಗಳಲ್ಲಿಯೂ ಈ ಅರ್ಥವೇ ಅಡಗಿದೆ. ಒಂದೇ ಸ್ತಂಭದಲ್ಲಿ ಇನ್ನೊಂದು ಧ್ವಜದೊಡನೆ ಅದನ್ನು ಏರಿಸಕೂಡದು. ಅದಕ್ಕಿಂತ ಎತ್ತರದಲ್ಲಿ ಇನ್ನೊಂದು ಧ್ವಜವಿರಕೂಡದು. ಅದರ ಮೇಲೆ ಯಾವ ಬರೆಹವೂ ಇರಕೂಡದು. ಜಾತ್ರೆ, ಉರುಸು, ಗಣೇಶೋತ್ಸವಗಳ ಮಂಟಪದಲ್ಲಿ ದೇವರ ಚಿತ್ರದ ಹಿಂದೆ ಅದನ್ನು ಅಲಂಕಾರದ ಪರದೆಯಾಗಿ ಕಟ್ಟುವವರು ಭಕ್ತಿಯಿಂದಲೇ ಕಟ್ಟುತ್ತಾರೆ. ಆದರೂ ಅದು ಸಲ್ಲದು. ಹಾಗೆ ಮಾಡಿದಾಗ ಎಲ್ಲರ ಧ್ವಜ ಒಬ್ಬರ ಉತ್ಸವದ ಬಟ್ಟೆಯಾಗಿಬಿಡುತ್ತದೆ.

ಹುಬ್ಬಳ್ಳಿಯ ಅನುಭವ

ಹುಬ್ಬಳ್ಳಿಯ ನಡುಪೇಟೆಯಲ್ಲಿರುವ ಈದ್ಗಾ ಮೈದಾನ ಅಥವಾ ಕಿತ್ತೂರು ರಾಣಿ ಚೆನ್ನಮ್ಮ ಮೈದಾನದ ಪ್ರಸಂಗವನ್ನು ಇಲ್ಲಿ ನೆನೆಯದಿದ್ದರೆ ಮೇಲಿನ ಮಾತುಗಳು ಬರಿಯ ತತ್ವವಾಗಿ ಉಳಿದಾವು. ಮುಸಲ್ಮಾನರು ವರ್ಷಕ್ಕೆ ಎರಡು ಸಲ ನಮಾಜು ಮಾಡುವ ಆ ಬಯಲಿನ ಒಡೆತನದ ವ್ಯಾಜ್ಯ ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆಯಿತು. ಆ ವ್ಯಾಜ್ಯದ ನಡುವೆ, 1992ರಿಂದ, ಅಲ್ಲಿ ರಾಷ್ಟ್ರಧ್ವಜವನ್ನು ಏರಿಸುವ ಪ್ರಶ್ನೆ ಎದ್ದಿತು. ಸಾರ್ವಜನಿಕ ಬಯಲಿನಲ್ಲಿ ದೇಶದ ಧ್ವಜ ಏರುವುದಕ್ಕೆ ಯಾರ ಅಡ್ಡಿ ಏಕೆ ಎಂದು ಒಂದು ಪಕ್ಷ ಕೇಳಿತು. ಧ್ವಜಕ್ಕೆ ನಮ್ಮ ವಿರೋಧವಿಲ್ಲ, ಧ್ವಜದ ನೆವದಿಂದ ನಮ್ಮ ಪ್ರಾರ್ಥನೆಯ ಸ್ಥಳ ಕೈತಪ್ಪೀತೆಂಬ ಅಂಜಿಕೆಯಿದೆ ಎಂದು ಇನ್ನೊಂದು ಪಕ್ಷ ಹೇಳಿತು. 1994ರ ಆಗಸ್ಟ್ 15ರಂದು ನಿಷೇಧಾಜ್ಞೆಯ ನಡುವೆ ಧ್ವಜವನ್ನು ಏರಿಸುವ ಪ್ರಯತ್ನ ನಡೆದು, ಗಲಭೆಯಾಗಿ, ಪೊಲೀಸರು ಗುಂಡು ಹಾರಿಸಿ, ಜೀವಹಾನಿ ಸಂಭವಿಸಿತು. ಸ್ವಾತಂತ್ರ್ಯದ ದಿನವೇ ಹುಬ್ಬಳ್ಳಿಯ ಕೆಲವು ಮನೆಗಳಲ್ಲಿ ಹೆಣ ಇಳಿಯಿತು.

ಐದೇ ತಿಂಗಳ ತರುವಾಯ, 1995ರ ಜನವರಿ 26ರಂದು, ಅದೇ ಬಯಲಿನಲ್ಲಿ ಅಂಜುಮನ್ ಸಂಸ್ಥೆಯವರೇ ಮುಂದೆ ಬಂದು ರಾಷ್ಟ್ರಧ್ವಜವನ್ನು ಏರಿಸಿದರು. ಸರಕಾರದ ಮಧ್ಯಸ್ಥಿಕೆಯೂ ಹಿರಿಯರ ಮಾತುಕತೆಯೂ ಅದಕ್ಕೆ ಕಾರಣವಾದುವು. ಅಂದು ಗುಂಡು ಹಾರಲಿಲ್ಲ, ಕಲ್ಲು ಬೀಳಲಿಲ್ಲ.

ಈ ಎರಡು ದಿನಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಬೇಕು. ಬಯಲು ಅದೇ, ಧ್ವಜವೂ ಅದೇ. ಬದಲಾದದ್ದು ಏರಿಸುವ ಕೈ ಮತ್ತು ಏರಿಸುವ ಮನಸ್ಸು. ಒಬ್ಬರ ಎದುರಿಗೆ ಏರಿಸಹೋದ ಧ್ವಜ ಏರುವ ಮೊದಲೇ ರಕ್ತ ಹರಿಯಿತು. ಅವರ ಕೈಯಿಂದಲೇ ಏರಿದ ಧ್ವಜ ಜಗಳವನ್ನು ಶಾಂತಗೊಳಿಸಿತು. ಆ ಬಯಲಿನ ಒಡೆತನ ಯಾರದು ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಕಾರ್ಯವಲ್ಲ. ಅದು ನ್ಯಾಯಾಲಯದ ಕಾರ್ಯ. ನಮಗೆ ಬೇಕಾದುದು ಇಷ್ಟೇ: ನೆರೆಯವನ ನಿಷ್ಠೆಯನ್ನು ಪರೀಕ್ಷಿಸುವ ಸಾಧನವಾಗಿ ಧ್ವಜವನ್ನು ಬಳಸಿದಾಗ, ಪರೀಕ್ಷೆಗೊಳಗಾದವನಿಗೆ ಅದು ತನ್ನ ಧ್ವಜವೆಂದು ತೋರುವುದಾದರೂ ಹೇಗೆ?

ಇಂದು ಕಾನೂನು ನಮಗೆ ವಿಶಾಲವಾದ ಹಕ್ಕನ್ನು ಕೊಟ್ಟಿದೆ. ಹಿಂದೆ ಸಾಮಾನ್ಯ ಪ್ರಜೆ ಕೆಲವು ನಿಗದಿತ ದಿನಗಳಲ್ಲಿ ಮಾತ್ರ ಧ್ವಜವನ್ನು ಏರಿಸಬಹುದಾಗಿತ್ತು. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜಸಂಹಿತೆ ಆ ನಿರ್ಬಂಧವನ್ನು ಸಡಿಲಿಸಿತು. 2004ರ ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯವು ನವೀನ ಜಿಂದಾಲ್ ಪ್ರಕರಣದಲ್ಲಿ, ಗೌರವಪೂರ್ವಕವಾಗಿ ಧ್ವಜವನ್ನು ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. 2022ರ ಜುಲೈಯಿಂದ ಹಗಲು ಮಾತ್ರವಲ್ಲ, ರಾತ್ರಿಯೂ ಹಾರಿಸಲು ಅನುಮತಿ ದೊರೆಯಿತು. ಆದರೆ ಹಕ್ಕು ದೊಡ್ಡದಾದಷ್ಟೂ ವಿವೇಕವೂ ದೊಡ್ಡದಾಗಬೇಕು. ಎಲ್ಲಿ ಏರಿಸಬಹುದು ಎಂಬುದನ್ನು ಕಾನೂನು ಹೇಳಬಲ್ಲುದು. ಯಾರನ್ನು ಜೊತೆಗೆ ಕರೆದುಕೊಂಡು ಏರಿಸಬೇಕು ಎಂಬುದನ್ನು ಊರು ತಾನೇ ಅರಿಯಬೇಕು.

ವಿದ್ಯಾಲಯದ ಅಂಗಳದಲ್ಲಿ

ಈ ಅರಿವನ್ನು ಕೊಡುವ ಕಾರ್ಯ ಶಾಲೆಯಿಂದಲೇ ಆರಂಭವಾಗತಕ್ಕದ್ದು. ಸಾಲಹಳ್ಳಿಯಂಥ ಊರಿನಲ್ಲಿ ಎಲ್ಲ ಜಾತಿ ಮತಗಳ ಮಕ್ಕಳು ದಿನಾಲು ಒಂದೇ ಸಾಲಿನಲ್ಲಿ ನಿಲ್ಲುವ ಸ್ಥಳ ಶಾಲೆಯ ಅಂಗಳವೊಂದೇ. ಧ್ವಜಸಂಹಿತೆಯು ಶಾಲೆಗಳಿಗೆ ಹೇಳಿದ ಕ್ರಮ ಅರ್ಥಪೂರ್ಣವಾಗಿದೆ. ಮಕ್ಕಳು ಚೌಕದ ಮೂರು ಬದಿಗಳಲ್ಲಿ ನಿಲ್ಲಬೇಕು. ನಾಲ್ಕನೆಯ ಬದಿಯ ನಡುವೆ ಧ್ವಜಸ್ತಂಭವಿರಬೇಕು. ಮುಖ್ಯಾಧ್ಯಾಪಕರೂ ವಿದ್ಯಾರ್ಥಿ ನಾಯಕನೂ ಧ್ವಜವನ್ನು ಬಿಚ್ಚುವವರೂ ಸ್ತಂಭಕ್ಕಿಂತ ಮೂರು ಹೆಜ್ಜೆ ಹಿಂದೆ ನಿಲ್ಲಬೇಕು. ಊರಿನ ಎಷ್ಟೇ ದೊಡ್ಡ ಮನುಷ್ಯ ಬಂದರೂ ಧ್ವಜಕ್ಕಿಂತ ಮೂರು ಹೆಜ್ಜೆ ಹಿಂದೆಯೇ! ಮಕ್ಕಳಿಗೆ ಪ್ರಜಾಪ್ರಭುತ್ವದ ಪಾಠವನ್ನು ಇದಕ್ಕಿಂತ ಸುಲಭವಾಗಿ ಹೇಳುವುದು ಕಷ್ಟ.

ಅಧ್ಯಾಪಕರಿಗೆ ಇನ್ನೊಂದು ಕಠಿಣವಾದ ಪ್ರಶ್ನೆಯೂ ಎದುರಾಗಬಹುದು. ತನ್ನ ಮತದ ಕಟ್ಟಳೆಯಿಂದಾಗಿ ಒಂದು ಮಗು ಹಾಡಲು ಅಥವಾ ವಂದಿಸಲು ಹಿಂಜರಿದರೆ ಏನು ಮಾಡಬೇಕು? 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಎದ್ದು ನಿಂತು ಗೌರವ ತೋರಿಸಿದ ಮಕ್ಕಳಿಂದ ಯಾವ ಅಪಚಾರವೂ ಆಗಿಲ್ಲವೆಂದು ತೀರ್ಮಾನಿಸಿ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಮಾಡಿತು. ಅಮೆರಿಕೆಯಲ್ಲಿಯೂ ಇದೇ ಪಂಥದ ಮಕ್ಕಳ ವಿಷಯದಲ್ಲಿ, ಮಹಾಯುದ್ಧ ನಡೆಯುತ್ತಿದ್ದ 1943ರಲ್ಲಿಯೇ, ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಧ್ವಜವಂದನೆಯನ್ನು ಬಲಾತ್ಕಾರದಿಂದ ಮಾಡಿಸಕೂಡದೆಂದು ನಿರ್ಣಯಿಸಿತು. ಯುದ್ಧಕಾಲದಲ್ಲಿಯೂ ಒಂದು ದೇಶ ಇಷ್ಟು ಸಹನೆಯನ್ನು ತೋರಬಲ್ಲುದಾದರೆ, ಶಾಂತಿಯ ಕಾಲದಲ್ಲಿ ನಮ್ಮ ಅಂಗಳದಲ್ಲಿ ನಿಂತ ಮಗುವನ್ನು ಕಣ್ಣು ಕೆಂಪಗೆ ಮಾಡಿ ನೋಡುವ ಅವಶ್ಯಕತೆಯಿಲ್ಲ. ಗೌರವವನ್ನು ಕಲಿಸಬಹುದು, ಹೆದರಿಸಿ ಪಡೆದರೆ ಅದು ಗೌರವವಾಗಿ ಉಳಿಯದು.

ಪಾಠಕ್ಕೆ ಬೇಕಾದ ಸಾಮಗ್ರಿಯೂ ನಮ್ಮ ಸುತ್ತಲೇ ಇದೆ. ಸಂಗೊಳ್ಳಿ ರಾಯಣ್ಣನ ಜನ್ಮದಿನವನ್ನು ನಾಡು ಆಗಸ್ಟ್ 15ರಂದು, ನಂದಗಡದಲ್ಲಿ ಅವನು ಗಲ್ಲಿಗೇರಿದ ದಿನವನ್ನು ಜನವರಿ 26ರಂದು ಆಚರಿಸುತ್ತದೆ. ನಮ್ಮ ಸೀಮೆಯ ಮಕ್ಕಳಿಗೆ ಈ ಎರಡು ದಿನಗಳು ದಿಲ್ಲಿಯಿಂದ ಬಂದ ದಿನಗಳಲ್ಲ, ಮಲಪ್ರಭೆಯ ದಂಡೆಯವು.

ಧ್ವಜದ ಬಟ್ಟೆಯೂ ನಮ್ಮಲ್ಲಿಯದೇ. ಶ್ರೀ ಮಡಿವಾಳೇಶ್ವರರ ಕ್ಷೇತ್ರವೆಂದು ನಾವೆಲ್ಲ ಬಲ್ಲ ಧಾರವಾಡ ತಾಲೂಕಿನ ಗರಗದಲ್ಲಿ 1954ರಿಂದ ಖಾದಿ ಸಂಘವೊಂದು ದುಡಿಯುತ್ತ ಬಂದಿದ್ದು, ಧ್ವಜದ ಖಾದಿಗೆ ಆ ಊರು ದೇಶದಲ್ಲೆಲ್ಲ ಹೆಸರಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರ ನವೆಂಬರ್ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಭಾರತೀಯ ಮಾನಕ ಸಂಸ್ಥೆಯ ನಿಯಮಗಳಿಗೆ ಅನುಸಾರವಾಗಿ ಧ್ವಜಗಳು ಸಿದ್ಧವಾಗುತ್ತವೆ. ಉದ್ದ ಅಗಲಗಳ ಪ್ರಮಾಣ ಮೂರಕ್ಕೆ ಎರಡು, ಅಳತೆಗಳು ಒಂಬತ್ತು, ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲ, ಅತಿ ಚಿಕ್ಕದು 150ಕ್ಕೆ 100. ಚಕ್ರದ ಅರಗಳು 24. ನೂಲುವುದರಿಂದ ಹೊಲಿಯುವವರೆಗೆ ಈ ಕಾರ್ಯದಲ್ಲಿ ತೊಡಗಿದವರಲ್ಲಿ ಬಹುಮಟ್ಟಿಗೆ ಹೆಣ್ಣುಮಕ್ಕಳು. ದಿಲ್ಲಿಯ ಎತ್ತರದ ಸ್ತಂಭಗಳಲ್ಲಿ ಹಾರುವ ಧ್ವಜವನ್ನು ನಮ್ಮ ಅಕ್ಕತಂಗಿಯರು ನೂಲಿದ್ದಾರೆಂದು ತಿಳಿದ ಮಗು ಅದನ್ನು ಬೇರೊಂದು ಕಣ್ಣಿನಿಂದ ನೋಡೀತು.

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ಆದ ತಿದ್ದುಪಡಿಯಿಂದ ಯಂತ್ರದಿಂದ ತಯಾರಾದ ಧ್ವಜಗಳಿಗೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ದೊರೆಯಿತು. ಇದರಿಂದ ಮನೆಮನೆಗೆ ಧ್ವಜ ಸುಲಭವಾಗಿ ತಲುಪಿತು ನಿಜ. ಆದರೆ ಖಾದಿಯ ಕೆಲಸಗಾರರು ತಮ್ಮ ಉಪಜೀವನದ ಬಗೆಗೆ ಕಳವಳವನ್ನೂ ವ್ಯಕ್ತಪಡಿಸಿದರು. ನೇಕಾರರ ಮಗ್ಗಗಳ ಸದ್ದನ್ನು ಬಲ್ಲ ರಾಮದುರ್ಗ, ಸುರೇಬಾನದ ಜನರಿಗೆ ಆ ಕಳವಳ ಅರ್ಥವಾಗದ್ದಲ್ಲ.

ಕೆಲವು ಸೂಚನೆಗಳು

ಇಷ್ಟು ಹೇಳಿದ ಮೇಲೆ ಆಚರಣೆಗೆ ತರಬಹುದಾದ ಕೆಲವು ಮಾತುಗಳನ್ನು ಸೂಚಿಸಿ ಮುಗಿಸುವುದು ಯುಕ್ತ.

ರಾಷ್ಟ್ರೀಯ ಹಬ್ಬದ ಧ್ವಜಾರೋಹಣದ ಗೌರವವನ್ನು ವರ್ಷವರ್ಷವೂ ಅದೇ ಮನೆತನಕ್ಕೆ, ಅದೇ ಓಣಿಗೆ ಕೊಡದೆ, ಊರಿನ ಎಲ್ಲ ಕೇರಿಗಳಿಗೂ ಸರದಿಯಂತೆ ಕೊಡುವುದು ಒಳ್ಳೆಯದು. ಒಮ್ಮೆ ಹಿರಿಯ ನೇಕಾರನೊಬ್ಬ, ಒಮ್ಮೆ ದಾಯಿಯಾಗಿ ದುಡಿದ ಮುದುಕಿ, ಒಮ್ಮೆ ದಲಿತಕೇರಿಯ ಹಿರಿಯ, ಒಮ್ಮೆ ಮಸೀದಿಯ ಹಿರಿಯ, ಒಮ್ಮೆ ನಿವೃತ್ತ ಯೋಧ ಹಗ್ಗ ಎಳೆಯಲಿ. ಹಗ್ಗ ಹಿಡಿದ ಕೈಯನ್ನು ಊರೆಲ್ಲ ನೋಡುತ್ತದೆ. ತಮ್ಮವರ ಕೈಯನ್ನು ಕಂಡ ಮಕ್ಕಳು ಅದನ್ನು ಮರೆಯುವುದಿಲ್ಲ.

ಪ್ರಭಾತ ಫೇರಿ ಹೊರಡುವಾಗ ಮುಖ್ಯ ಬೀದಿಯಲ್ಲಿ ಮಾತ್ರ ಸುತ್ತಿ ಬರದೆ, ಊರಿನ ಕಟ್ಟಕಡೆಯ ಕೇರಿಯವರೆಗೂ ಹೋಗಿ ಬರಬೇಕು. ಯಾರದೇ ಪ್ರಾರ್ಥನಾಸ್ಥಳದ ಮುಂದೆ ಬೇಕೆಂದೇ ನಿಂತು ಘೋಷಣೆ ಕೂಗುವ ರೂಢಿಗೆ ಅವಕಾಶ ಕೊಡಲಾಗದು. ಮಕ್ಕಳ ಕೈಯ ಕಾಗದದ ಧ್ವಜಗಳು ಸಂಜೆ ಗಟಾರ ಸೇರದಂತೆ ಅಧ್ಯಾಪಕರು ಅವುಗಳನ್ನು ಕೂಡಿಸಿ ತೆಗೆದಿರಿಸಬೇಕು. ಹರಿದ ಧ್ವಜವನ್ನು ಎಲ್ಲರೆದುರಿಗೆ ಬಿಸಾಡದೆ, ಏಕಾಂತದಲ್ಲಿ ಮರ್ಯಾದೆಯಿಂದ ಪೂರ್ಣವಾಗಿ ದಹಿಸುವುದು ವಿಹಿತ ಕ್ರಮ.

ವಿದ್ಯಾಲಯದ ಪೋಷಕರಲ್ಲಿ ಒಂದು ವಿನಂತಿ. ದಾನಿಗಳ ಹೆಸರನ್ನು ಕೋಣೆಯ ಬಾಗಿಲ ಮೇಲೆ ಕೆತ್ತಿಸುವುದು ನಮ್ಮಲ್ಲಿ ರೂಢಿ, ಅದು ತಪ್ಪಲ್ಲ. ಆದರೆ ಧ್ವಜ ಹಾರುವ ಸ್ತಂಭಕ್ಕೆ ಜಾಹೀರಾತನ್ನು ಕಟ್ಟುವುದನ್ನು ಸಂಹಿತೆ ನಿಷೇಧಿಸಿದೆ. ಆ ನಿಷೇಧದ ಭಾವವನ್ನು ಅರಿತು ಧ್ವಜಕಟ್ಟೆಯನ್ನೂ ಹೆಸರಿಲ್ಲದೆಯೇ ಬಿಡೋಣ. ಕಟ್ಟಿಸಿದವರಾರೆಂಬುದನ್ನು ಅಲ್ಲಿ ಬರೆಯದಿದ್ದಾಗ ಮಾತ್ರ ಅದರ ಮುಂದೆ ನಿಂತ ಪ್ರತಿಯೊಂದು ಮಗುವೂ ಅದನ್ನು ತನ್ನದೆಂದು ಭಾವಿಸೀತು. ಪ್ರತಿವರ್ಷವೂ ಗರಗ ಅಥವಾ ಬೆಂಗೇರಿಯ ಖಾದಿಯ ಧ್ವಜವೊಂದನ್ನು ಶಾಲೆಗೆ ತರಿಸಿಕೊಡುವವರಿದ್ದರೆ, ಅದಕ್ಕೆ ಆಗುವ ವೆಚ್ಚ ಅಲ್ಪ. ಅದರಿಂದ ನೂಲುವ ಕೈಗಳಿಗೂ ಕಲಿಯುವ ಮಕ್ಕಳಿಗೂ ಆಗುವ ಉಪಕಾರ ಹಿರಿದು.